ಬೇಸಗೆಯಲ್ಲಿ ತುಂಬುತೋಳಿನ ಅಂಗಿ

ಒಬ್ಬರ ಮೈಯ ಮಾತನ್ನು ಇನ್ನೊಬ್ಬರು ಆಡಬಾರದು. ಅದರಲ್ಲೂ ಅಂಗಿಯೊಳಗಿನ ಮಾತನ್ನು ಆಡಲೇಬಾರದು. ಇದನ್ನು ಹೇಳುವುದೋ ಬಿಡುವುದೋ ಎಂದು ಬಹಳ ದಿನ ಅನುಮಾನಿಸಿದ್ದಾಯಿತು. ಹೇಳಿದರೂ ನೆಟ್ಟಗೆ ಹೇಳಲು ಬರುತ್ತದೆಯೋ ಇಲ್ಲವೋ ಎಂಬ ಅಳುಕು ಈಗಲೂ ಹೋಗಿಲ್ಲ. ಆದರೆ ಆ ಅಂಗಿಯ ಒಡೆಯ ಸಂಜೀವಕುಮಾರನೇ ಒಮ್ಮೆ ನಾಲ್ಕು ಮಂದಿಯ ನಡುವೆ ಇದನ್ನು ಬಾಯಿಬಿಟ್ಟು ಹೇಳಿದ್ದಾನೆ. ಆ ಒಂದು ಧೈರ್ಯದ ಮೇಲೆ ಹೇಳುತ್ತಿರುವುದು. ಹೆಚ್ಚು ಕಡಿಮೆಯಾದರೆ ಓದುವವರು ದೊಡ್ಡ ಮನಸ್ಸು ಮಾಡಬೇಕು.

ಸಿಂದಗಿಯ ಎ.ಪಿ.ಎಂ.ಸಿ. ಅಂಗಳದಲ್ಲಿ ಬಸಂತರಾಯರ ಅಡತಿ ಅಂಗಡಿ. ತೊಗರಿ, ಜೋಳದ ವ್ಯವಹಾರ. ಅವರ ಒಬ್ಬನೇ ಮಗ ಸಂಜೀವಕುಮಾರ. ಇವನ ತೂಕ ಎಷ್ಟು ಎಂಬುದು ಇಡೀ ಬಜಾರಿಗೆ ಗೊತ್ತಿತ್ತು. ಯಾಕೆಂದರೆ ಚೀಲ ತೂಗುವ ಕಾಟಾ ಇವರ ಅಂಗಡಿಯ ಬಾಗಿಲಲ್ಲೇ ಇತ್ತು. ಅಮಾವಾಸ್ಯೆಯ ದಿನ ಅಂಗಡಿಯ ಪೂಜೆ ಮುಗಿದು ಕೊಬ್ಬರಿ-ಸಕ್ಕರೆ ಹಂಚಿದ ಕೂಡಲೇ ಹಮಾಲರು, "ಸಣ್ಣ ಸಾವಕಾರ್ರ, ಒಂದೀಟು ಹತ್ರಿ" ಎಂದು ಇವನನ್ನು ಕಾಟಾದ ಮೇಲೆ ನಿಲ್ಲಿಸುವುದು ರೂಢಿಯಾಗಿಬಿಟ್ಟಿತ್ತು. ಒಂದು ಕ್ವಿಂಟಲ್ ಚೀಲ ಇಟ್ಟಾಗ ಮುಳ್ಳು ಎಲ್ಲಿ ನಿಲ್ಲುತ್ತಿತ್ತೋ, ಇವನು ಹತ್ತಿದರೆ ಅದನ್ನೂ ದಾಟಿ ಹೋಗುತ್ತಿತ್ತು. ಹಮಾಲರು ಚಪ್ಪಾಳೆ ತಟ್ಟುತ್ತಿದ್ದರು. ಸಂಜೀವಕುಮಾರನೂ ನಗುತ್ತಿದ್ದ. ನಗದೆ ಏನು ಮಾಡುವುದು?

ನಗು ಬರದಿದ್ದದ್ದು ಕನ್ಯಾ ನೋಡಲು ಹೋದಾಗ. ಮುದ್ದೇಬಿಹಾಳದಲ್ಲಿ ಅವಲಕ್ಕಿ ತಿನ್ನಿಸಿ, ಚಹಾ ಕುಡಿಸಿ, ಆಮೇಲೆ "ಹುಡುಗಿ ಇನ್ನಾ ಓದತೀನಿ ಅಂತಾಳ್ರಿ" ಎಂದು ಹೇಳಿ ಕಳಿಸಿದರು. ಇಂಡಿಯಲ್ಲಿ ಹುಡುಗಿಯ ಅಜ್ಜಿ ಕಣ್ಣಿಗೆ ಕೈ ಅಡ್ಡ ಹಿಡಿದು, ಬಸಂತರಾಯರನ್ನೂ ಇವನನ್ನೂ ಹೊರಳಿ ಹೊರಳಿ ನೋಡಿ, "ಇದರಾಗ ವರ ಯಾರ್ರಿ, ವರನ ಅಪ್ಪ ಯಾರ್ರಿ?" ಎಂದು ಕೇಳಿದಳು. ಮನೆಯವರು ಅಜ್ಜಿಯನ್ನು ಒಳಗೆ ಕರೆದುಕೊಂಡು ಹೋದರು. ಇವನು ತಟ್ಟೆಯಲ್ಲಿದ್ದ ಚೂಡಾ ಮುಗಿಸದೆ ಎದ್ದ. ಅವನ ಜನ್ಮದಲ್ಲಿ ತಟ್ಟೆಯಲ್ಲಿ ಬಿಟ್ಟು ಎದ್ದದ್ದು ಅದೇ ಮೊದಲು.

ಅದೇ ತಿಂಗಳು ಬಿಜಾಪುರದ ಡಾಕ್ಟರು, "ಸಕ್ಕರಿ ಕಾಯಿಲೆ ನಿಮ್ಮ ಬಾಗಲಕ್ಕ ಬಂದು ನಿಂತೈತಿ. ಒಳಗ ಕರೀತೀರೋ, ಹೊರಗಿಂದ ಹೊರಗ ಕಳಸ್ತೀರೋ ನೋಡ್ರಿ" ಎಂದರು. ಮಾರನೆಯ ನಸುಕಿನಿಂದಲೇ ಸಂಜೀವಕುಮಾರ ಆಲಮೇಲದ ರಸ್ತೆ ಹಿಡಿದು ನಡೆಯತೊಡಗಿದ. ಕಬ್ಬಿನ ಟ್ರ್ಯಾಕ್ಟರಿನವರು "ಹತ್ರಿ ಸಾವಕಾರ್ರ, ಬಿಟ್ಟು ಬರತೇವಿ" ಎಂದು ಕರೆದರೂ ಹತ್ತಲಿಲ್ಲ. ರೊಟ್ಟಿಯ ಮೇಲಿನ ಬೆಣ್ಣೆ ಹೋಯಿತು, ಆಮೇಲೆ ರೊಟ್ಟಿಗಳೇ ಒಂದೊಂದಾಗಿ ಹೋದವು. ಅವನ ತಾಯಿ ರುಕ್ಮವ್ವ ಬುಟ್ಟಿಯಲ್ಲಿ ಉಳಿದ ರೊಟ್ಟಿ ನೋಡಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಮಂದಿ ಮಕ್ಕಳು ಉಣ್ಣಾಕ ಇಲ್ಲದ ಸೊರಗತಾರ. ನನ್ನ ಮಗಾ ಇದ್ದೂ ಇದ್ದೂ ಸೊರಗಾಕತ್ತಾನ."

ಎರಡು ತೊಗರಿ ಸುಗ್ಗಿ ದಾಟುವುದರೊಳಗೆ ಕಾಟಾದ ಮುಳ್ಳು ಎಷ್ಟು ಹಿಂದಕ್ಕೆ ಬಂತೆಂದರೆ, ಹಮಾಲರಿಗೆ ಅವನನ್ನು ತೂಗುವ ಆಸೆಯೇ ಹೋಯಿತು. ಬಜಾರಿನ ಮಂದಿ ಗುಟ್ಟಾಗಿ ಬಸಂತರಾಯರನ್ನು ಕೇಳಿದರು: "ತಮ್ಮಗ ಯಾವ ಬ್ಯಾನಿ ಆಗಿತ್ರಿ?" ನಮ್ಮ ಕಡೆ ಸೊರಗಿದವನು ರೋಗಿ, ಬಲಿತವನು ಸುಖಿ. ಬೇಕೆಂದೇ ಸೊರಗಿದ ಎಂದರೆ ಯಾರೂ ನಂಬುವುದಿಲ್ಲ.

ಇಷ್ಟಾದರೆ ಕಥೆ ಸುಖಾಂತವೇ. ಆದರೆ ಕೊಬ್ಬು ಹೋಯಿತು, ಕೊಬ್ಬು ತುಂಬಿದ್ದ ತೊಗಲು ಹೋಗಲಿಲ್ಲ. ಬಚ್ಚಲಲ್ಲಿ ಅಂಗಿ ಬಿಚ್ಚಿ ನಿಂತರೆ ಹೊಟ್ಟೆಯ ತೊಗಲು ಮಡಿಕೆ ಮಡಿಕೆಯಾಗಿ ಲುಂಗಿಯ ಗಂಟಿನ ಮೇಲೆ ಇಳಿಬೀಳುತ್ತಿತ್ತು. ತೋಳು ಎತ್ತಿದರೆ ಕೆಳಗೆ ಎತ್ತಿನ ಗಂಗೆದೊಗಲಿನಂತೆ ಜೋಲಾಡುತ್ತಿತ್ತು. ತೊಗರಿ ಸುರಿದ ಮೇಲೆ ಬರಿ ಚೀಲವನ್ನಾದರೂ ಮಡಚಿ ಮೂಲೆಗೆ ಇಡಬಹುದು. ಇದನ್ನು ಎಲ್ಲಿ ಮಡಚಿ ಇಡುವುದು? ಪ್ಯಾಂಟನ್ನು ಮೇಲಕ್ಕೆ ಎಳೆದು, ಹೊಟ್ಟೆಯನ್ನು ಒಳಕ್ಕೆ ತುರುಕಿ, ಪಟ್ಟಿ ಬಿಗಿದು, ಮೇಲೆ ತುಂಬುತೋಳಿನ ಅಂಗಿ ತೊಟ್ಟರೆ ಮಾತ್ರ ಅವನು ತೆಳ್ಳಗಿನ ಮನುಷ್ಯ. ಬೆವರಿಗೆ ಮಡಿಕೆಯೊಳಗೆಲ್ಲ ಉರಿ. ಪೌಡರಿನ ಡಬ್ಬಿ ವಾರಕ್ಕೊಂದು ಖಾಲಿ. ಔಡಲೆಣ್ಣೆ ತಿಕ್ಕಿ ನೋಡಿದ. ಅಂಗಿಗೆ ಜಿಡ್ಡು ಹತ್ತಿತು, ತೊಗಲಿಗೆ ಏನೂ ಹತ್ತಲಿಲ್ಲ. ದಪ್ಪಗಿದ್ದಾಗ ಮುಚ್ಚಿಡಲು ಏನೂ ಇರಲಿಲ್ಲ. ಸೊರಗಿದ ಮೇಲೆ ಗುಟ್ಟೊಂದು ಗಂಟು ಬಿದ್ದಿತ್ತು.

ಇಂಥದರಲ್ಲಿ ಹೂವಿನ ಹಿಪ್ಪರಗಿಯ ಸಂಬಂಧ ಬಂತು. ಹುಡುಗಿ ಜಯಮಾಲಾ, ಬಿ.ಎ. ಮುಗಿಸಿದವಳು. ಅವಳ ತಾಯಿ ಮೆತ್ತಗಿನ ಹೆಂಗಸು. ಆ ಮನೆಯ ಮಾತು-ಕತೆಯೆಲ್ಲ ಚಿಗವ್ವ ರಾಜೇಶ್ವರಿಯದು. ರಾಜೇಶ್ವರಿ ವರನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಹುಡುಗಿನ ಏನಾರ ಕೇಳೂದಿದ್ರ ಕೇಳ್ರಿ" ಎಂದಳು. ಆದರೆ ಕೇಳಿದವಳು ಜಯಮಾಲಾ.

"ಇಂಥಾ ಬಿಸಲಾಗ ಫುಲ್ ತೋಳಿನ ಅಂಗಿ ಹಾಕ್ಕೊಂಡೀರಿ. ಕಾವು ಆಗಂಗಿಲ್ಲೇನ್ರಿ?"

"ರೂಢಿ ಆಗೇತ್ರಿ" ಎಂದ ಇವನು.

ಜಯಮಾಲಾ ತುಟಿ ಬಿಗಿಹಿಡಿದು ಚಹಾದ ಬಟ್ಟಲು ಮುಂದಿಟ್ಟಳು. ನಗು ತಡೆದಳೋ, ಏನು ತಡೆದಳೋ. ಆ ಒಂದು ಪ್ರಶ್ನೆಗೇ ಇವನು ಸೋತುಹೋದ. ಇಷ್ಟು ಮನೆಗಳಲ್ಲಿ ಇಷ್ಟು ಚಹಾ ಕುಡಿದಿದ್ದ, ಇವನಿಗೆ ಸೆಕೆಯಾಗುತ್ತದೆಯೇ ಎಂದು ಕೇಳಿದವರು ಯಾರೂ ಇರಲಿಲ್ಲ. ಅತ್ತ ಕಡೆಯಿಂದಲೂ ಹೂಂ ಎಂದು ಬಂತು. ನಿಶ್ಚಯವಾಯಿತು.

ಬಸ್ಸಿನಲ್ಲಿ ಮರಳಿ ಬರುವಾಗ ರುಕ್ಮವ್ವ ಗಂಡನ ಮುಂದೆ ಖುಷಿಯಲ್ಲಿ ಲೆಕ್ಕ ಹಾಕುತ್ತಿದ್ದಳು. "ಮದಿವಿ ನಮ್ಮ ಬಾಗಲದಾಗ. ಹಂದರ ದೊಡ್ಡದು ಹಾಕಸೂಣು. ಸುರಗಿಗೆ ನಿಮ್ಮ ಅವ್ವನ ಹಿತ್ತಾಳಿ ತಂಬಗಿ ತಗಸ್ತೀನಿ..."

ಸುರಗಿ ಎಂದ ಕೂಡಲೇ ಸಂಜೀವಕುಮಾರ ಅಂಗಿಯ ತೋಳನ್ನು ಮಣಿಕಟ್ಟಿನವರೆಗೆ ಎಳೆದುಕೊಂಡ. ಅದು ಅವನಿಗೆ ಮರೆತೇಹೋಗಿತ್ತು.

ಸುರಗಿಯೆಂದರೆ ಅಕ್ಕಿಕಾಳು, ಅಂದರೆ ಅಕ್ಷತೆ, ಬೀಳುವ ಹಿಂದಿನ ದಿನದ ಅರಿಷಿಣದ ಶಾಸ್ತ್ರ. ಹಂದರದ ನಡುವೆ ನಾಲ್ಕು ಮೂಲೆಗೆ ನಾಲ್ಕು ತಂಬಿಗೆ ಇಟ್ಟು, ಒಳಗೆ ಮಣೆ ಹಾಕಿ, ಮದುಮಗ-ಮದುಮಗಳನ್ನು ಜೋಡಿಯಾಗಿ ಕೂಡಿಸುತ್ತಾರೆ. ತಂಬಿಗೆಗಳ ಸುತ್ತ ಬಿಳಿಯ ನೂಲು ಸುತ್ತುತ್ತಾರೆ. ಮುತ್ತೈದೆಯರು ಹಾಡುತ್ತ ಅರಿಷಿಣ ಹಚ್ಚಿ, ನೀರು ಹಾಕುತ್ತಾರೆ. ನೂಲು ಸುತ್ತಿದ ಮೇಲೆ ನೀರು ಬೀಳುವವರೆಗೆ ಒಳಗಿದ್ದವರು ಏಳುವಂತಿಲ್ಲ, ಎದ್ದರೆ ಅಪಶಕುನ. ಮದುಮಗ ಬರಿ ಮೈಯಲ್ಲಿ ಕೂರಬೇಕು. ಎರಡೂ ಊರಿನ ಹೆಂಗಸರ ಮುಂದೆ, ಜಯಮಾಲಾಳ ಮಗ್ಗುಲಲ್ಲಿ ಕೂರಬೇಕು.

ಹುಡುಗಿ ಅಂಗಿಯನ್ನು ನೋಡಿ ಒಪ್ಪಿದ್ದಾಳೆ, ಒಳಗಿನದನ್ನು ನೋಡಿದರೆ ಏನೆಂದುಕೊಂಡಾಳು? ಮೋಸ ಮಾಡಿದರು ಎಂದರೆ? ಈ ಚಿಂತೆ ಅವನ ಬೆನ್ನು ಹತ್ತಿತು. ಹೇಳಿಬಿಡೋಣವೆಂದರೆ ಯಾವ ಬಾಯಿಂದ ಹೇಳುವುದು?

ಹೀಗಿರುವಾಗ ಒಂದು ದಿನ ಯಂಕಪ್ಪನ ಅಂಗಡಿಗೆ ಕ್ಷೌರಕ್ಕೆ ಹೋದ. ಯಂಕಪ್ಪನಿಗೆ ಈಗೀಗ ಇವನ ಗಡ್ಡ ಕೆರೆಯುವುದು ಕಷ್ಟವಾಗಿತ್ತು. ಕೆನ್ನೆಯ ತೊಗಲನ್ನು ಎರಡು ಬೆರಳಿನಿಂದ ಕಿವಿಯತನಕ ಎಳೆದು ಹಿಡಿಯಬೇಕಾಗುತ್ತಿತ್ತು. "ಸಾವಕಾರ್ರ, ಗಲ್ಲಾ ಉಬ್ಬಸ್ರಿ. ಇನ್ನೀಟು. ಹಿಂದಕ ನಿಮ್ಮ ಗಲ್ಲದ ಮ್ಯಾಲೆ ಕತ್ತಿ ತಾನ ಜಾರತಿತ್ತು, ಈಗ ಹೊಲಾ ಹರಗಿದಂಗ ಆಗೇತಿ." ಎಲ್ಲ ಮುಗಿದ ಮೇಲೆ ಪಟಿಕದ ಹರಳು ಒದ್ದೆ ಮಾಡಿ ಕೆನ್ನೆಗೆ ಉಜ್ಜಿದ. ಚುರುಚುರು ಎಂದಿತು. ಒಣಗುತ್ತ ಬಂದಂತೆ ತೊಗಲು ಬಿಗಿಯಾಗಿ ಹಿಡಿದುಕೊಂಡಿತು.

ಸಂಜೀವಕುಮಾರ ಕನ್ನಡಿ ನೋಡಿದ. ಕೆನ್ನೆ ಮುಟ್ಟಿ ನೋಡಿಕೊಂಡ. ತಲೆಯೊಳಗೆ ದೀಪ ಹತ್ತಿತು. ಕೆನ್ನೆಗೆ ಆದದ್ದು ಹೊಟ್ಟೆಗೆ ಯಾಕಾಗಬಾರದು?

ಯಾರಿಗೂ ಹೇಳದೆ ಕಿರಾಣಿ ಅಂಗಡಿಯಿಂದ ಪಟಿಕದ ದೊಡ್ಡ ಗಡ್ಡೆಯನ್ನೇ ತಂದ. ಕುಟ್ಟಿ, ನೀರಲ್ಲಿ ಕರಗಿಸಿ, ಮುಂಜಾನೆ ಸಂಜೆ ಕೊರಳಿನಿಂದ ಹೊಟ್ಟೆಯವರೆಗೆ ಬಳಿದುಕೊಂಡ. ತೊಳೆದರೆ ಗುಣ ಹೋದೀತೆಂದು ತೊಳೆಯದೆ ಹಾಗೇ ಬಿಟ್ಟ. ಬಿಗಿಯಾದ ಹಾಗೆ ಅನ್ನಿಸುತ್ತಿತ್ತು, ನಿಜ. ಆದರೆ ಒಣಗಿದ ಪಟಿಕ ಬಿಳಿ ಬಿಳಿ ಪೊರೆಯಾಗಿ ಮೈಮೇಲೆ ಕೂತಿತು. ತುರಿಕೆಯೋ ತುರಿಕೆ.

ಜವಳಿ ತೆಗೆಯುವ ದಿನ ಹಿಪ್ಪರಗಿಯವರು ಸಿಂದಗಿಗೆ ಬಂದರು. ಬಟ್ಟೆ ಅಂಗಡಿಯ ಗಾದಿಯ ಮೇಲೆ ಎರಡೂ ಕಡೆಯವರು ಕೂತು ಸೀರೆ ಬಿಚ್ಚಿಸುತ್ತಿದ್ದರು. ಸಂಜೀವಕುಮಾರ ಕೊರಳಿನ ಗುಂಡಿಯವರೆಗೆ ಹಾಕಿಕೊಂಡು ಬೆವರುತ್ತ ಕೂತಿದ್ದ. ತುರಿಕೆ ತಡೆಯಲಾಗದೆ ಕಾಲರಿನೊಳಗೆ ಬೆರಳು ಹಾಕಿ ಕೆರೆದುಕೊಂಡ. ರಾಜೇಶ್ವರಿಯ ಕಣ್ಣು ಇಳಕಲ್ಲ ಸೀರೆಯ ಸೆರಗಿನಿಂದ ಎದ್ದು ಅವನ ಕೊರಳಿಗೆ ಬಂದು ನಿಂತಿತು.

"ಅಳಿಯಾರ, ಮ್ಯಾಲಿನ ಗುಂಡಿ ತಗೀರಿ. ಉಸರ ಕಟ್ಟೀತು."

"ಇರಲ್ರಿ, ಇರಲ್ರಿ" ಎಂದು ಇವನು ಕಾಲರನ್ನು ಕೈಯಿಂದ ಮುಚ್ಚಿಕೊಂಡ.

ಅಲ್ಲಿಯವರೆಗೆ ಪ್ರತಿ ಸೀರೆಯ ಬಣ್ಣಕ್ಕೂ ತಕರಾರು ತೆಗೆಯುತ್ತಿದ್ದ ರಾಜೇಶ್ವರಿ ಆಮೇಲೆ ಒಂದಕ್ಕೂ ತೆಗೆಯಲಿಲ್ಲ. ರುಕ್ಮವ್ವ ಅದನ್ನೇ ಶುಭವೆಂದುಕೊಂಡಳು.

ಮುಂದಿನ ವಾರ ಯಂಕಪ್ಪ ಕತ್ತಿ ಮಸೆಯುತ್ತ ವಿಷಯ ಬಿಚ್ಚಿದ. "ಸಾವಕಾರ್ರ, ನಿಮ್ಮ ಹಿಪ್ಪರಗಿ ಬೀಗರು ಇಬ್ಬರು ನಮ್ಮ ಅಂಗಡಿಗೆ ಬಂದಿದ್ರು. ವರನ ಮೈಮ್ಯಾಲೆ ಬಿಳೀದು ಏನಾರ ಐತೇನು ಅಂತ ಕೇಳಿದ್ರು."

ವರನ ವಿಚಾರ ತಿಳಿಯಬೇಕೆಂದರೆ ನಮ್ಮ ಕಡೆ ಕ್ಷೌರದ ಅಂಗಡಿಗೇ ಬರುತ್ತಾರೆ. ಸಂಜೀವಕುಮಾರನ ಮುಖದ ನೊರೆಯೆಲ್ಲ ಆರಿಹೋಯಿತು. "ನೀ ಏನಂದಿ?"

"ಸುಳ್ಳು ಹೇಳಬಾರದಲ್ರಿ. ನಾ ಕೊಳ್ಳಿನ ಮಟಾ ಅಷ್ಟ ನೋಡೀನಿ, ಕೆಳಗಿಂದಕ್ಕ ನಾ ಜಾಮೀನು ಆಗಂಗಿಲ್ಲ ಅಂದೆ."

"ಯಂಕಪ್ಪಾ! ಇಲ್ಲ ಅಂದಿದ್ರ ಆಗತಿತ್ತಲ್ಲೋ!"

"ನೋಡದ್ದನ್ನ ಹೆಂಗ ಹೇಳ್ಲಿರಿ? ನಾಳೆ ಹೆಚ್ಚು ಕಡಿಮಿ ಆದ್ರ ನನ್ನ ಬಾಯಿ ಮಾತು ಹೋಗಂಗಿಲ್ಲೇನು?" ಎಂದು ಯಂಕಪ್ಪ ಅವನ ಕೆನ್ನೆಯನ್ನು ಕಿವಿಯತನಕ ಎಳೆದ.

ಸಂಜೀವಕುಮಾರನಿಗೆ ಆಗ ಪೂರ್ತಿ ತಿಳಿಯಿತು: ತೊನ್ನು ಎಂದು ಅವರಿಗೆ ಅನುಮಾನ. ತೊನ್ನು ಅಂಟುವಂಥದ್ದಲ್ಲ, ಅದರಿಂದ ಯಾರ ಸಂಸಾರವೂ ಕೆಡುವುದಿಲ್ಲ ಎಂಬುದು ಓದಿದವರಿಗೆ ಗೊತ್ತು. ಆದರೂ ಮದುವೆಯ ಮಾತಿನ ನಡುವೆ ಆ ಶಬ್ದ ಬಂತೆಂದರೆ ವೀಳ್ಯ ಹೊರಳುತ್ತದೆ, ನಿಶ್ಚಯ ಮುರಿಯುತ್ತದೆ. ಇಲ್ಲದ ಒಂದನ್ನು ಇಲ್ಲ ಎನ್ನಲು ಇದ್ದ ಇನ್ನೊಂದನ್ನು ತೋರಿಸಬೇಕು. ತೋರಿಸದಿದ್ದರೆ ಹುಡುಗಿ ಹೋದಳು. ತೋರಿಸಿದರೂ ಹೋಗಲಾರಳೆಂದು ಹೇಳುವವರು ಯಾರು?

ಎದ್ದವನೇ ಎಸ್.ಟಿ.ಡಿ. ಬೂತಿಗೆ ಹೋಗಿ ಹಿಪ್ಪರಗಿಗೆ ಫೋನು ಹಚ್ಚಿದ. ಜಯಮಾಲಾ ಎತ್ತಲಿ ಎಂದು ಕಣ್ಣು ಮುಚ್ಚಿ ಬೇಡಿಕೊಂಡ. ಎತ್ತಿದವಳು ರಾಜೇಶ್ವರಿ.

"ಅತ್ತಿಯಾರ, ನಾನ್ರಿ, ಸಿಂದಗಿಯಿಂದ. ನೀವು ಅನ್ಕೊಂಡಂಗ ಅಂಥಾದ್ದು ಏನೂ ಇಲ್ರಿ."

"ಎಂಥಾದ್ದು?"

"ಅದರಿ... ಬ್ಯಾರೆ ಐತ್ರಿ. ಆದರ ಅದಲ್ರಿ."

ರಾಜೇಶ್ವರಿ ಸಾವಕಾಶವಾಗಿ ಹೇಳಿದಳು: "ಹಿಂಗ ಮಾಡೂಣ್ರಿ. ಸುರಗಿಯೊಳಗ ನಿಮಗ ನಾನ ಅರಿಷಿಣ ಹಚ್ಚತೇನಿ. ಬರೀ ಮೈಗೆ. ಬೆಳಕ ಇದ್ದಾಗ. ಎಲ್ಲಾ ಸರಿ ಇತ್ತು ಅಂದ್ರ ಮರುದಿನ ಅಕ್ಕಿಕಾಳು. ಇರಲಿಲ್ಲ ಅಂದ್ರ, ಹಂದರದಾಗಿಂದ ಹೊಳ್ಳಿ ಹೋಗಾಕೂ ನಮಗ ಬರತೈತಿ."

ಫೋನು ಇಟ್ಟ ಮೇಲೆ ಬೂತಿನವನು ಕೇಳಿದ, "ಯಾಕ್ರಿ, ಲೈನ್ ಸರಿ ಇರಲಿಲ್ಲೇನು?"

ಸಂಜೀವಕುಮಾರ ಮನೆಗೆ ಬಂದು ತಾಯಿಯ ಮುಂದೆ ಅಂಗಿ ಬಿಚ್ಚಿ ನಿಂತ. ರುಕ್ಮವ್ವ ನೋಡಿ, "ಯವ್ವಾ, ಇದೇನೋ ಇದು, ನನ್ನ ಮಗನ್ನ ಯಾರೋ ಬಿಚ್ಚಿ ಹೊಳ್ಳಿ ಹೊಲದಂಗ ಐತಲ್ಲೋ" ಎಂದು ಎದೆಯ ಮೇಲೆ ಕೈ ಇಟ್ಟುಕೊಂಡಳು. ಆಮೇಲೆ ತಾಯಿಯಲ್ಲವೇ, ಉಪಾಯಕ್ಕೆ ತೊಡಗಿದಳು. ದರ್ಜಿ ನಬಿಲಾಲನಿಂದ ದಪ್ಪ ಬಟ್ಟೆಯ ಬಿಗಿ ಬನಿಯನ್ನು ಹೊಲಿಸುವುದು. ಹಿರಿಯರ ಕಸಿ ಅಂಗಿಯ ಹಾಗೆ ಮಗ್ಗುಲಿಗೆ ಕಸಿಯ ದಾರ ಇಡಿಸಿ ಎಳೆದು ಕಟ್ಟುವುದು. ಹುಡುಗನಿಗೆ ನೆಗಡಿ ಎಂದು ಹೇಳಿ ಬನಿಯನ್ನಿನ ಮೇಲೆಯೇ ಅರಿಷಿಣ ಹಚ್ಚಿಸಿ ಮುಗಿಸುವುದು. ನಬಿಲಾಲ ಅಳತೆ ಕೇಳಿ, ಬಟ್ಟೆ ನೋಡಿ, "ಅವ್ವಾರ, ಇದು ಮನಶ್ಯಾರಿಗೆ ಬನಿಯನ್ನೋ, ಎತ್ತಿನ ಮ್ಯಾಲೆ ಹೊಚ್ಚೂ ಜೂಲಾನೋ?" ಎಂದ. ಆದರೂ ಹೊಲಿದುಕೊಟ್ಟ.

ಸುರಗಿಯ ದಿನ ಬಂತು. ಹಂದರದ ತುಂಬ ಹೆಂಗಸರು. ಹಲಗೆಯವರು ಒಂದು ಸುತ್ತು ಬಾರಿಸಿ ಚಹಾ ಕುಡಿಯುತ್ತಿದ್ದರು. ಸಂಜೀವಕುಮಾರ ಧೋತರ, ಬನಿಯನ್ನಿನಲ್ಲಿ ಬಂದು ಮಣೆಯ ಮೇಲೆ ಕೂತ. ಕಸಿ ಎಷ್ಟು ಬಿಗಿದಿದ್ದರೆಂದರೆ ಉಸಿರು ಅರ್ಧಕ್ಕೇ ಮರಳುತ್ತಿತ್ತು. ಪಕ್ಕದಲ್ಲಿ ಜಯಮಾಲಾ ತಲೆ ತಗ್ಗಿಸಿ ಕೂತಳು. ಅವಳ ಕೆನ್ನೆ, ಕೈ, ಕಾಲು ಆಗಲೇ ಅರಿಷಿಣ. ನಾಲ್ಕು ತಂಬಿಗೆಗಳ ಸುತ್ತ ನೂಲು ಸುತ್ತಿದರು. ಇನ್ನು ಏಳುವಂತಿಲ್ಲ.

ರಾಜೇಶ್ವರಿ ಅರಿಷಿಣದ ಬಟ್ಟಲು ಹಿಡಿದು ನೂಲು ದಾಟಿ ಬಂದಳು. ಬನಿಯನ್ನು ನೋಡಿದಳು. ನಿಂತಳು.

ರುಕ್ಮವ್ವ ಓಡಿ ಬಂದಳು. "ಬೀಗತಿ, ಹುಡುಗಗ ಒಂದೀಟು ನೆಗಡಿ ಆಗೇತಿ. ಹಂಗ ಮ್ಯಾಲಿಂದ ಮ್ಯಾಲೆ ಹಚ್ಚಿ ಬಿಡ್ರಿ."

"ಬ್ಯಾಸಗಿಯೊಳಗ ನೆಗಡಿನಾ?"

"ಅವಗ ಸಣ್ಣಂದಿರತಲೆ ಹಂಗ ರೀ."

"ಬೀಗತಿ, ಬನಿಯನ್ಗೆ ಮದಿವಿ ಇಲ್ಲ, ಮನಶ್ಯಾಗ ಐತಿ." ರಾಜೇಶ್ವರಿ ಬಟ್ಟಲನ್ನು ನೆಲಕ್ಕೆ ಇಟ್ಟಳು. "ಇದನ್ನ ತಗಿಯೂಮಟಾ ನಾ ಅರಿಷಿಣ ಮುಟ್ಟಂಗಿಲ್ಲ."

ಹಾಡು ನಿಂತಿತು. ಹಂದರದ ಅಂಚಿನಲ್ಲಿ ಎಲೆ-ಅಡಿಕೆ ಹಾಕಿಕೊಳ್ಳುತ್ತಿದ್ದ ಹಿಪ್ಪರಗಿಯ ಗಂಡಸರು ಎದ್ದು ನಿಂತರು. ಬಸಂತರಾಯರು ಏನಾಯಿತೆಂದು ತಿಳಿಯದೆ ತಲೆಯ ಮೇಲಿನ ಪಟಗ ಸರಿಮಾಡಿಕೊಂಡರು. ಸಂಜೀವಕುಮಾರನ ಬೆವರು ಬನಿಯನ್ನಿನ ದಪ್ಪ ಬಟ್ಟೆಯನ್ನೂ ದಾಟಿ ಹೊರಗೆ ಬಂತು.

ಮಗ್ಗುಲಿನಿಂದ ಸಣ್ಣ ದನಿಯೊಂದು ಬಂತು. "ಏನ್ ಇದ್ರೂ ತೋರಿಸಿಬಿಡ್ರಿ. ನನಗ ಕುಂತು ಕುಂತು ಕಾಲು ಜೋಮು ಹಿಡದಾವ."

ಜಯಮಾಲಾ ತಲೆ ಎತ್ತಿರಲಿಲ್ಲ. ಇವನು ಮಗ್ಗುಲಿನ ಕಸಿಗೆ ಕೈ ಹಾಕಿದ. ಬೆವರಿಗೆ ನೆನೆದು ಗಂಟು ಕಲ್ಲಾಗಿತ್ತು. ಎಳೆದಷ್ಟೂ ಬಿಗಿಯಿತು. ಒಂದು ಎಳೆದ, ಎರಡು ಎಳೆದ. ಅಷ್ಟರಲ್ಲಿ ಅರಿಷಿಣದ ಬೆರಳುಗಳು ಬಂದು ಅವನ ಕೈಯನ್ನು ಅತ್ತ ಸರಿಸಿದವು. ಜಯಮಾಲಾ ಉಗುರಿನಿಂದ ಗಂಟನ್ನು ಸಡಿಲಿಸಿ, ಒಂದು ಕಸಿ ಎಳೆದಳು, ಇನ್ನೊಂದು ಎಳೆದಳು.

"ಓಹೋಹೋ, ಹುಡುಗಿಗೆ ಈಗ ಅವಸರಾ!" ಎಂದು ಯಾರೋ ಮುದುಕಿ ಕೂಗಿದಳು.

ಬನಿಯನ್ನು ಸಡಿಲಾಯಿತು. ಇಷ್ಟು ಹೊತ್ತು ಒಳಗೆ ಕಟ್ಟಿಬಿದ್ದಿದ್ದ ಹೊಟ್ಟೆ ಹಗ್ಗ ಬಿಚ್ಚಿಬಿಟ್ಟ ಕರುವಿನ ಹಾಗೆ ಹೊರಗೆ ಬಂದು ತೊಡೆಯ ಮೇಲೆ ಕೂತಿತು. ಸಂಜೀವಕುಮಾರ ಕಣ್ಣು ಮುಚ್ಚಿಕೊಂಡ.

ರಾಜೇಶ್ವರಿ ಬಗ್ಗಿದಳು. ಎತ್ತಿನ ಪೇಟೆಯಲ್ಲಿ ಸುಳಿ ನೋಡುವವರ ಹಾಗೆ ಮುಂದೆ ನೋಡಿದಳು, ಹಿಂದೆ ನೋಡಿದಳು. ತೋಳು ಎತ್ತಿಸಿದಳು. ಹೊಟ್ಟೆಯ ಮಡಿಕೆಯನ್ನು ಎರಡು ಬೆರಳಿನಿಂದ ಎತ್ತಿ ಕೆಳಗೂ ನೋಡಿದಳು. ಎಲ್ಲೂ ಬಿಳಿಯಿಲ್ಲ. ಸುರಗಿಗೆಂದು ಆ ಮುಂಜಾನೆ ರುಕ್ಮವ್ವ ಸೀಗೆಪುಡಿ ಹಾಕಿ ತಿಕ್ಕಿ ತೊಳೆದಿದ್ದಳು.

"ಅಳಿಯಾರ, ಅವತ್ತ ಕೊಳ್ಳಾಗ ಬಿಳೀದು ಇತ್ತಲ್ಲ, ಅದು ಎಲ್ಲಿ ಹೋತು?"

"ಅದು ಪಟಿಕರಿ" ಎಂದ ಇವನು, ಕಣ್ಣು ಮುಚ್ಚಿಕೊಂಡೇ.

"ಪಟಿಕಾ?"

"ತೊಗಲು ಬಿಗಿ ಆಗಲಿ ಅಂತ ಹಚ್ಚಿದ್ದೆರಿ. ದಪ್ಪ ಇದ್ದೆನ್ರಿ, ಇಳಿಸಿದೆ. ಇದು ಉಳೀತು."

ರಾಜೇಶ್ವರಿ ಅವನ ಮುಖ ನೋಡಿದಳು, ಹೊಟ್ಟೆ ನೋಡಿದಳು. ಅವಳ ಮೂಗಿನ ಹೊಳ್ಳೆ ಅರಳಿತು, ಮೂಗುತಿ ಅಲ್ಲಾಡಿತು, ಆಮೇಲೆ ತಡೆಯಲಾಗದೆ ನೆಲಕ್ಕೇ ಕೂತು ನಕ್ಕಳು. "ಯಪ್ಪಾ ಶಿವನ! ಪಟಿಕ ಹಚ್ಚಿದ್ರ ಹೊಟ್ಟಿ ಬಿಗಿ ಆಗೂದಾಗಿದ್ರ, ನಾಕು ಹಡದಾಕಿ ನಾನು, ಬಾಗೇವಾಡಿ ಪ್ಯಾಟಿ ಪಟಿಕ ಎಲ್ಲಾ ನಾನ ಖರೀದಿ ಮಾಡತಿದ್ದೆ! ಇದಕ್ಕ ಏನೋ ನೀನು ಅಂಜಿದ್ದು? ಈ ಹಂದರದಾಗ ಕುಂತಾರಲ್ಲ, ಒಬ್ಬೊಬ್ಬಾಕಿ ಸೀರಿ ನಿರಗಿ ಒಳಗೂ ಇದ ಐತಿ!"

ಹೆಂಗಸರ ನಡುವೆ ನಗು ಒಡೆಯಿತು. "ಏ ರಾಜವ್ವಾ, ನಮ್ಮ ಮಾನ ಯಾಕ ಕಳೀತಿ" ಎಂದಳೊಬ್ಬಳು. ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದ ರುಕ್ಮವ್ವನಿಗೂ ಧೈರ್ಯ ಬಂತು. "ಖರೇ ಐತ್ರಿ ಬೀಗತಿ. ನಾ ಹಡದದ್ದು ಒಬ್ಬನ್ನ. ಆದರ ಆ ಒಬ್ಬಾವನ ನಾಕು ಮಂದಿಯಷ್ಟು ಇದ್ದ!"

ಹಿಪ್ಪರಗಿಯ ಮುದುಕಿಯೊಬ್ಬಳು ನಗು ಮುಗಿಯುವ ಮೊದಲೇ ಹೊಸ ಹಾಡು ಎತ್ತಿದಳು. ಬೀಗರನ್ನು ಹಾಸ್ಯ ಮಾಡುವ ಸಮಯ ಸಿಕ್ಕರೆ ಬಿಡುವವರು ಯಾರು?

"ತುಂಬೀದ ತೊಗರೀಯ ಸಂತ್ಯಾಗ ಸುರುವ್ಯಾನ
ಬರಿಚೀಲ ಹೊತ್ತು ಬಂದಾನ ನಮ್ಮಳಿಯ
ಹೋಳೀಗಿ ತುಂಬಿ ಒಯ್ಯಾಕ"

ಹಲಗೆಯವರು ಚಹಾದ ಬಟ್ಟಲು ಬಿಟ್ಟು ಓಡಿಬಂದರು. ಸಿಂದಗಿಯ ಹೆಂಗಸರು ಸುಮ್ಮನಿರುತ್ತಾರೆಯೇ? ಹಿಪ್ಪರಗಿಯವರು ಹೋಳಿಗೆಗೆ ಹೂರಣ ಹಾಕುವುದನ್ನೇ ಮರೆ‌ತಿದ್ದಾರೆಂದು ಮರುಹಾಡು ಕಟ್ಟಿದರು. ರಾಜೇಶ್ವರಿ ಎರಡೂ ಕೈಯಲ್ಲಿ ಅರಿಷಿಣ ತೆಗೆದುಕೊಂಡು ಅವನ ಎದೆಗೆ, ತೋಳಿಗೆ, ಹೊಟ್ಟೆಗೆ, ಗೋಡೆಗೆ ಸುಣ್ಣ ಬಳಿದ ಹಾಗೆ ಬಳಿದಳು. "ಮಡಿಕಿ ಭಾಳ ಅದಾವವ್ವಾ, ಇನ್ನೊಂದು ಬಟ್ಟಲ ತರ್ರಿ!"

ತಲೆಯ ಮೇಲೆ ನೀರು ಬಿತ್ತು. ಸಂಜೀವಕುಮಾರ ಕಣ್ಣು ತೆರೆದ. ಜಯಮಾಲಾಳ ಭುಜ ಕುಲುಕುತ್ತಿತ್ತು. ನಗುತ್ತಿದ್ದಳು, ಬಾಯಿಗೆ ಸೆರಗು ತುರುಕಿ. ಹಾಡಿಗೆ ನಗುತ್ತಿದ್ದಾಳೋ, ಹೊಟ್ಟೆಗೆ ನಗುತ್ತಿದ್ದಾಳೋ ಅವನಿಗೆ ತಿಳಿಯಲಿಲ್ಲ. ಎರಡನೆಯ ಕೊಡದ ನೀರು ಬೀಳುವಾಗ, ಆ ಸದ್ದಿನಲ್ಲಿ ಯಾರಿಗೂ ಕೇಳದ ಹಾಗೆ ಅವಳು ಕೇಳಿದಳು:

"ಅಂದ್ರ ಫುಲ್ ತೋಳು ರೂಢಿ ಅಲ್ಲ ಅದು?"

"ಅಲ್ರಿ" ಎಂದ ಇವನು. ಬಾಯಿಗೆ ಅರಿಷಿಣದ ನೀರು ಹೋಯಿತು.

"ಇನ್ನ ಮ್ಯಾಲೆ ಅರ್ಧ ತೋಳಿಂದು ಹಾಕ್ಕೋರಿ. ನಿಮ್ಮ ಬೆವರು ನೋಡಿ ನನಗ ಕಾವು ಆಗತೈತಿ."

ಮರುದಿನ ಅಕ್ಕಿಕಾಳು ಬಿದ್ದವು.

ಮೈಮೇಲಿನ ಅರಿಷಿಣ ಬೇಗ ಹೋಯಿತು. ಮಡಿಕೆಗಳೊಳಗಿನದು ಹೋಗಲು ಬಹಳ ದಿನ ಹಿಡಿಯಿತು. ಅಂಗಡಿಯಲ್ಲಿ ತೋಳು ಎತ್ತಿದಾಗಲೆಲ್ಲ ಹಳದಿ ಗೆರೆಗಳು ಕಾಣುತ್ತಿದ್ದವು, ಹಮಾಲರು "ಸಣ್ಣ ಸಾವಕಾರ್ರು ಇನ್ನಾ ಮದಮಗಾನ ಅದಾರ" ಎಂದು ನಗುತ್ತಿದ್ದರು. ಅರ್ಧ ತೋಳಿನ ಅಂಗಿಯಲ್ಲಿ ಕೂತವನಿಗೆ ಮೊದಮೊದಲು ಗಾಳಿ ತಾಗಿದರೂ ಬೆಚ್ಚಿಬೀಳುವ ಹಾಗಾಗುತ್ತಿತ್ತು. ತೂಗುವಾಗ ತೋಳಿನ ತೊಗಲು ಜೋಲಾಡುವುದನ್ನು ರೈತರು ನೋಡಿದರು, ಎರಡು ದಿನ ನೋಡಿದರು, ಆಮೇಲೆ ತಮ್ಮ ತೊಗರಿಯ ದರ ನೋಡಿಕೊಂಡರು. ಉಳಿದ ಪಟಿಕವನ್ನು ರುಕ್ಮವ್ವ ಮಳೆಗಾಲದಲ್ಲಿ ರಾಡಿ ನೀರಿನ ಹಂಡೆಗೆ ಹಾಕಿದಳು. ನೀರು ಚೆನ್ನಾಗಿ ತಿಳಿಯಾಯಿತು. ನಬಿಲಾಲ ಹೊಲಿದ ಬನಿಯನ್ನು ಕಾಟಾ ಒರೆಸುವ ಬಟ್ಟೆಯಾಯಿತು.

ತೊಗಲು ಬಿಗಿಯಾಯಿತೇ? ಒಂದಿಷ್ಟು ಆಗಿರಬಹುದು, ಅಥವಾ ನೋಡಿ ನೋಡಿ ರೂಢಿಯಾಗಿರಬಹುದು. ಬೇಸಗೆಯಲ್ಲಿ ಪೌಡರು ಈಗಲೂ ಬೇಕು. ಬೆನ್ನಿಗೆ ಜಯಮಾಲಾ ಹಾಕುತ್ತಾಳೆ, ಹಾಕುವಾಗ ಒಮ್ಮೊಮ್ಮೆ ಮಡಿಕೆ ಹಿಡಿದು, "ಇದು ಎಷ್ಟು ಕಿಲೋ ಚೀಲರಿ?" ಎನ್ನುತ್ತಾಳೆ.

ಒಂದು ಮಾತು ಮಾತ್ರ ಉಳಿಯಿತು. ಕನ್ಯಾ ನೋಡಿದ ದಿನವೇ ಇದೆಲ್ಲ ಗೊತ್ತಿದ್ದರೆ ಅವಳು ಹೂಂ ಅನ್ನುತ್ತಿದ್ದಳೋ ಇಲ್ಲವೋ? ಆ ತುಂಬುತೋಳಿನ ಪ್ರಶ್ನೆಯನ್ನು ಸುಮ್ಮನೆ ಕೇಳಿದಳೋ, ಏನಾದರೂ ಅನುಮಾನ ಹುಟ್ಟಿ ಕೇಳಿದಳೋ? ಸಂಜೀವಕುಮಾರ ಒಮ್ಮೆ ಕೇಳಿದ್ದನಂತೆ. "ಚಾ ಆರಾಕತ್ತೈತಿ, ಕುಡೀರಿ" ಎಂದಳಂತೆ. ಅವನು ಕುಡಿದನಂತೆ. ಇದಕ್ಕಿಂತ ಹೆಚ್ಚು ಅವನಿಗೂ ಗೊತ್ತಿಲ್ಲ, ಹೇಳುತ್ತಿರುವ ನನಗೂ ಗೊತ್ತಿಲ್ಲ.